ಎಡಗಡೆಯ ಗೋಡೆ

ಒಂದು ಚಪ್ಪಾಳೆ ತಟ್ಟಿದೆ.
ಕೋಣೆ ಮೂರು ಸಲ ತಿರುಗಿ ತಟ್ಟಿತು,
ಕೊನೆಯದು ಬಿಲ್ಲೆ ಬಿದ್ದ ಹಾಗೆ, ಸಣ್ಣಗೆ.

ಬೆಟಗೇರಿಯ ಈ ಎಂಟು-ಹತ್ತರ ಕೋಣೆಯಲ್ಲಿ
ಮೊದಲು ಮಗ್ಗವಿತ್ತು. ಈಗ ಅದರ ಕುಣಿ ಇದೆ.
ಕುಣಿಯ ಮೇಲೆ ಹಲಗೆ, ಹಲಗೆಯ ಮೇಲೆ ಕುರ್ಚಿ,
ಕುರ್ಚಿಯ ಮೇಲೆ ನಾನು,
ಮುಂದೆ ಎರವಲು ಮೈಕು.
ಓದುವುದು ಹತ್ತನೇ ಇಯತ್ತೆಯ ಸಮಾಜ ವಿಜ್ಞಾನ;
ಕೇಳುವವರು ಹುಬ್ಬಳ್ಳಿಯ ವಸತಿಶಾಲೆಯೊಂದರ
ಕಣ್ಣು ಕಾಣದ ಹತ್ತೊಂಬತ್ತು ಹುಡುಗರು.

ಮೊದಲ ಪಾಠ ಕೇಳಿ ನನಗೇ ನಗು ಬಂತು.
ಹಗೇವಿನೊಳಗಿಂದ ಯಾರೋ ಕೂಗಿದ ಹಾಗೆ
ಗ್ರಾಮ ಪಂಚಾಯತಿ.
ಪಂಚಾಯತಿಯ ‘ತಿ’ ಮುಗಿಯುವುದರೊಳಗೆ
‘ಗ್ರಾ’ ವಾಪಸು ಬಂದು ಬಾಗಿಲಲ್ಲಿ ನಿಂತಿರುತ್ತಿತ್ತು.

ದೂದಪೀರ ನದಾಫರು ಬಂದರು. ಗಾದಿ ಹೊಲಿಯುವವರು,
ಮೂರು ತಲೆಮಾರಿನಿಂದ ಅರಳೆ ಹಿಂಜಿದ ಮನೆ.
ಕಲ್ಲಂಗಡಿ ಕೊಳ್ಳುವವರಂತೆ ಗೋಡೆಗೆ ಬೆರಳ ಗೆಣ್ಣು ಬಡಿದರು,
ಹಲಗೆಯ ಮೇಲೆ ಒಮ್ಮೆ ಹಿಮ್ಮಡಿ ಕುಟ್ಟಿದರು. ಢಂ.
“ಅಕ್ಕಾರ, ನಿಮ್ಮ ಕ್ವಾಣಿ ಹಸದೈತ್ರಿ.
ಹೊಟ್ಟಿ ಖಾಲಿ ಇದ್ದಾಗ ಹಿಂಗ ಗುರ್ ಅಂತೈತಿ.
ತಿನ್ನಾಕ ಏನರ ಹಾಕ್ರಿ.”

ಹಾಕಿದೆವು.
ಕುಣಿಗೆ ಹಳೇ ಗಾದಿಗಳ ಗಂಟುಗಟ್ಟಿದ ಅರಳೆ, ಏಳು ಚೀಲ.
ತಗಡಿನ ಕೆಳಗೆ ಬಿಗಿದ ಜಮಖಾನ.
ಮೂಲೆಗಳಿಗೆ ಲೋಡು:
“ದಪ್ಪ ದನಿ ಮೂಲ್ಯಾಗ ಕುಂತಿರತೈತ್ರಿ,
ಮುನಿಸಿಕೊಂಡ ಅಳಿಯನಂಗ.”
ಕನ್ನಡಿ ಹೊರಗೆ. ಟ್ರಂಕು ಹೊರಗೆ.
ಗಡಿಯಾರದ ಸೆಲ್ಲು ತೆಗೆದೆ; ಅದಿನ್ನೂ ನಾಲ್ಕೂ ಹತ್ತರಲ್ಲಿದೆ.
ಗೋಡೆಗಳಿಗೆ ಕೌದಿ, ಬಿದಿರ ಗಳದಿಂದ ಇಳಿಬಿಟ್ಟು,
ನಾಲ್ಕು ಬೆರಳು ಸಂದು ಬಿಟ್ಟು:
“ಅಂಟಿಸಬ್ಯಾಡ್ರಿ, ಗಾಳಿಗೂ ಕುಂದರಾಕ ಜಾಗಾ ಬೇಕು.”

ಇಳಕಲ್ಲಿನ ಸೆರಗಿನ ತುಂಡು, ಖಾಕಿ ಚಡ್ಡಿ,
ಯಾರದೋ ಲಗ್ನದ ಕುಬಸ,
ಹಿಟ್ಟಿನ ಚೀಲದ ಮೇಲೆ ಅಳಿಯದ ಅರ್ಧ ಅಕ್ಷರ.
ನನ್ನ ‘ಶ’ಕಾರಗಳು ಖಾಕಿಯಲ್ಲಿ ಅಡಗಿದವು,
‘ಹ’ಕಾರ ಕುಬಸದ ಕಂಕುಳಲ್ಲಿ.

ಉಳಿದದ್ದು ಪಕ್ಕದ ಮನೆಯ ಪವರ್‌ಲೂಮು.
ಕೌದಿ ಒಳಗಿನ ದನಿ ನುಂಗುತ್ತದೆ,
ಹೊರಗಿನದನ್ನು ಬರಬೇಡ ಅನ್ನುವುದಿಲ್ಲ.
ಖಟ್ ಖಟಾ ಖಟ್ ಖಟಾ, ರಾತ್ರಿ ಹನ್ನೊಂದರ ತನಕ.
ಕರೆಂಟು ಹೋದರೆ ಓಣಿಯೆಲ್ಲ ಬಯ್ಯುತ್ತದೆ;
ನಾನೊಬ್ಬಳು ಮೈಕಿನ ಕಡೆ ಓಡುತ್ತೇನೆ.
ಬ್ಯಾಟರಿಯಲ್ಲಿ ನಲವತ್ತು ನಿಮಿಷ. ಫ್ಯಾನಿಲ್ಲ. ಮೇ ತಿಂಗಳು.
ಹುಬ್ಬಿನ ಬೆವರು ತೊಟ್ಟಿಕ್ಕಿ
ಭಾರತದ ವಾಯುಗುಣ ಎರಡು ಪುಟ ಒದ್ದೆ.

ಮತ್ತೆ ಚಪ್ಪಾಳೆ ತಟ್ಟಿದೆ.
ಅಂಗೈಯಲ್ಲೇ ಸತ್ತಿತು.
ದೂದಪೀರರು ಮೀಸೆಯೊಳಗೆ ನಕ್ಕರು: “ಈಗ ಹೊಟ್ಟಿ ತುಂಬೈತಿ.”

ಹನ್ನೆರಡು ಪಾಠ ಕಳಿಸಿದ ಮೇಲೆ
ಫಕ್ಕೀರೇಶ ಎಂಬ ಹುಡುಗನ ಫೋನು.
“ಟೀಚರ್, ಮನಿ ಬದಲಿ ಮಾಡೀರೇನ್ರಿ?”
ಇಲ್ಲಪ್ಪ, ಯಾಕ?
“ಮೊದಲ ನಿಮ್ಮ ಎಡಕ ಗ್ವಾಡಿ ಇತ್ರಿ, ಹತ್ರನ.
ಮ್ಯಾಲ ತಗಡು. ಕೆಳಗ ಏನೋ ಪೊಳ್ಳು.
ನಾ ಬಂದು ನಿಮ್ಮ ಬಾಜೂ ಕುಂದರತಿದ್ದೆ.
ಈಗ ಅಕ್ಷರ ಎಲ್ಲಾ ಚೊಲೊ ತಿಳೀತಾವ್ರಿ, ಖರೆ.
ಆದ್ರ ನೀವು ಎಲ್ಲಿದ್ದೀರಿ ಗೊತ್ತಾಗವಲ್ದು.”

ಒಂಟಿ ಕಿವಿಯ ಮೈಕಿಗೆ ಎಡ ಬಲ ಇರುವುದಿಲ್ಲ.
ಎಡ ಅಂತ ಹೇಗೆ ಅಂದ, ನಾನು ಕೇಳಲಿಲ್ಲ.
ಎಡಕ್ಕೇ ಇತ್ತು.

ಫೋನಿಟ್ಟು ಬಹಳ ಹೊತ್ತು ಕೂತೆ.
ಕೌದಿಗಳು ನನ್ನ ಉಸಿರನ್ನೂ ತಿನ್ನುತ್ತಿದ್ದವು.

ಎಡಗಡೆಯದರ ಕೆಳಗಿನ ಚುಂಗು ಎತ್ತಿ
ಗಳಕ್ಕೆ ಸಿಕ್ಕಿಸಿದೆ,
ಒಂದು ಮೊಳ ಸುಣ್ಣದ ಗೋಡೆ ಕಾಣುವಷ್ಟು.
ದೂದಪೀರರಿಗೆ ಹೇಳಿಲ್ಲ.
ಕರೆಂಟು ಹೋಯಿತು. ಓಣಿ ಬಯ್ಯಿತು.
ಹದಿಮೂರನೇ ಪಾಠ ತೆರೆದೆ,
ಓದುವ ಮೊದಲು ಒಂದು ಚಪ್ಪಾಳೆ ತಟ್ಟಿ
ಅಳಿಸದೆ ಬಿಟ್ಟೆ.