ಒನ್ನೊ ಬರೆದ ಟಿಪ್ಪಣಿ

ಲ್ಯೂನೆಬುರ್ಗಿನ ಕೈತೋಟ ಸಂಘದ ಕಾರ್ಯದರ್ಶಿ ನಾನು,
ವೀಬ್ಕೆ ಹಾರ್ಮ್ಸ್, ಒಂಬತ್ತನೇ ತುಂಡು ನೆಲ.
ಅರವತ್ತೆಂಟು ಸದಸ್ಯರು, ಎರಡು ನಲ್ಲಿ,
ನೀರಿನ ಬಾಕಿಯ ಪಟ್ಟಿ ಒಂದು.
ನನ್ನ ಕಂಪ್ಯೂಟರಿನಲ್ಲಿ ಮಾತ್ರ ಕಾಗದ ಬರೆಯಲು ಎರಡು:
ಹಳೆಯ ಆಫೀಸ್ ತಂತ್ರಾಂಶ,
ಅದರಿಂದಲೇ ಕವಲೊಡೆದ ಹೊಸದು.

ಏಪ್ರಿಲಿನಿಂದ ಲೆಕ್ಕಪತ್ರ ರೊಯ್ದಾಳ ಪಾಲಿಗೆ.
ಕೇಳುತ್ತಾಳೆ: ಯಾವುದನ್ನ ಹಾಕ್ಕೊಳ್ಳಲಿ?
ಹೊಸದನ್ನೇ ಹಾಕ್ಕೊ, ಅಂದೆ. ಕೇಳುವುದೇನಿದೆ.

ಹಳೆಯದು ಏಳುವುದೇ ಮೊಣಕಾಲು ಹಿಡಿದುಕೊಂಡು.
ಪರರ ಕಡತ ಕೊಟ್ಟರೆ ಓದುತ್ತದೆ,
ಅದೇ ವೇಷದಲ್ಲಿ ಮರಳಿ ಉಳಿಸು ಅಂದರೆ
ಬರುವುದಿಲ್ಲ ಅನ್ನುತ್ತದೆ, ಸಂಕೋಚವೂ ಇಲ್ಲದೆ.
ಹೊಸದು ಆರಾರು ತಿಂಗಳಿಗೆ ಮೈ ತೊಳೆದು ಬರುತ್ತದೆ,
ಗುಂಡಿಗಳ ಜಾಗ ಬದಲಿಸಿ ನನ್ನಿಂದ ಬೈಸಿಕೊಳ್ಳುತ್ತದೆ,
ತೂತು ಕಂಡರೆ ವಾರದೊಳಗೆ ಹೊಲಿಯುತ್ತದೆ.
ಹಳೆಯದರ ತೂತಿಗೆ ಸೂಜಿ ಹಿಡಿಯುವವರು
ಎಷ್ಟು ಮಂದಿ ಉಳಿದಿದ್ದಾರೆ, ನನಗೆ ಗೊತ್ತು:
ಒಂದು ಮೇಜಿನ ಸುತ್ತ ಕೂರಿಸಬಹುದು,
ಕುರ್ಚಿ ಮಿಗುತ್ತದೆ.

ಆದರೆ ಹೆಸರು ಅದರದು.
ಮನೆ ಬಿಟ್ಟವರು ಪಾತ್ರೆ ಒಯ್ದರು, ಒಲೆ ಒಯ್ದರು,
ಕೆಲಸ ಬಲ್ಲ ಕೈಗಳನ್ನೂ ಒಯ್ದರು.
ಬಾಗಿಲ ಮೇಲಿನ ಹಲಗೆಯೊಂದನ್ನು ಬಿಚ್ಚಲಾಗಲಿಲ್ಲ.
ಇವತ್ತಿಗೂ ಜನ ಹಲಗೆ ನೋಡಿ ಬಂದು ತಟ್ಟುತ್ತಾರೆ,
ಒಳಗಿಂದ ಯಾರೋ
ನಿಧಾನಕ್ಕೆ ಬಂದು ತೆರೆಯುತ್ತಾರೆ.

ಹೋದವರಲ್ಲಿ ಒನ್ನೊ ಒಬ್ಬ. ನಾನು ಉಳಿದೆ.
ಹನ್ನೊಂದು ವರ್ಷ ಒಂದೇ ಕೋಣೆಯಲ್ಲಿ
ಅವನು ಕಟ್ಟಿದ್ದನ್ನು ಮುರಿದು ನೋಡುವುದು ನನ್ನ ಉದ್ಯೋಗ.
ಆಮೇಲೆ ಎರಡು ಬೇಸಿಗೆ, ಬೇಲಿಯ ಆಚೆ
ಅವನ ಹುಲ್ಲು ಕೊಯ್ಯುವ ಯಂತ್ರ ಮಾತಾಡಿತು,
ಅವನು ಆಡಲಿಲ್ಲ.

ಕರಾರೂ ವಿಚಿತ್ರದ್ದು.
ನಾವು ಬರೆದ ಸಾಲನ್ನು ಅವರು ಒಯ್ಯಬಹುದು,
ಅವರು ಬರೆದದ್ದನ್ನು ನಾವು ತರುವ ಹಾಗಿಲ್ಲ;
ಪರವಾನಗಿಯ ಇಳಿಜಾರು ಒಂದೇ ಕಡೆಗೆ.
ತೋಟದ ಕಾನೂನು ಹಾಗಲ್ಲ:
ಬೇಲಿ ದಾಟಿ ಬಿದ್ದ ಹಣ್ಣು ಬಿದ್ದ ನೆಲದವರದು.
ಮೂರನೆಯ ಸೆಪ್ಟೆಂಬರಿನಲ್ಲಿ ಅವನ ಸೇಬಿನ ಮರ
ನನ್ನ ಮೂಲಂಗಿ ಮಡಿಯ ಮೇಲೆ ಸುರಿದುಬಿಟ್ಟಿತು.
ಬಕೆಟ್ಟಿಗೆ ತುಂಬಿ ಹಿಂದಿರುಗಿಸಲು ಹೋದೆ.
"ಇದಕ್ಕೆ ಪರವಾನಗಿ ಬೇಡ" ಅಂದ.
ಅಷ್ಟೇ. ಅಷ್ಟು ಹೇಳುವುದಕ್ಕೆ ಎರಡು ಬೇಸಿಗೆ.

ಹೋದ ಮಂಗಳವಾರ ತೀರಿಕೊಂಡ.
ಸದಸ್ಯರಿಗೆ ಕಾಗದ ಹೋಗಬೇಕು.
ಅದರ ಮಾದರಿ ಅವನೇ ಮಾಡಿಕೊಟ್ಟದ್ದು, ಜಗಳಕ್ಕೂ ಮುಂಚೆ:
ಕಪ್ಪು ಅಂಚು, ಹೆಸರಿಗೆ ಖಾಲಿ ಜಾಗ,
ಕೆಳಗೆ, ಸಂಘದ ಪದ್ಧತಿಯಂತೆ, ನೀರಿನ ಲೆಕ್ಕ.
ಎರಡರಲ್ಲೂ ತೆರೆದೆ.
ಹಳೆಯದರಲ್ಲಿ ಅಳೆದಿಟ್ಟಂತೆ ಒಂದೇ ಪುಟ.
ಹೊಸದರಲ್ಲಿ ಸಾಲುಗಳ ನಡುವೆ ಕೂದಲೆಳೆ ಹಿಗ್ಗಿ
ಕೊನೆಯ ಸಾಲು ಎರಡನೆಯ ಪುಟಕ್ಕೆ ಜಾರಿತ್ತು:
"ಬಾಕಿ ಇಲ್ಲ."

ನಿದ್ದೆ ಬರಲಿಲ್ಲ. ಎದ್ದು, ಪುಟ ಮುರಿಯುವ ಜಾಗವನ್ನು
ಎರಡರ ಕೋಡಿನಲ್ಲೂ ಹುಡುಕಿದೆ.
ಹಳೆಯದರಲ್ಲಿ ಅವನ ಟಿಪ್ಪಣಿ ಹಾಗೇ ಇದೆ, ಜರ್ಮನ್ನಿನಲ್ಲಿ:
"ಇಲ್ಲಿ ಕೈಯಿಡಬೇಡಿ. ಇದು ಯಾಕೆ ನಡೆಯುತ್ತದೋ
ನನಗೂ ಗೊತ್ತಿಲ್ಲ. ವೀಬ್ಕೆಯನ್ನು ಕೇಳಿ."
ಹೊಸದರಲ್ಲಿ ಅದನ್ನು ಯಾರೋ, ಬ್ರೆಜಿಲಿನವರಿರಬೇಕು,
ಇಂಗ್ಲಿಷಿಗೆ ತಂದಿದ್ದರು, ನನ್ನ ಹೆಸರಿನ ಕಾಗುಣಿತ ತಪ್ಪಿಸಿ.
ಆಮೇಲೆ ಒಂದು ದಿನ ಇಡೀ ಟಿಪ್ಪಣಿ ಅಳಿಸಿಹೋಗಿದೆ.
ಅಳಿಸಿದವನು ಒನ್ನೊ.
ಮಾತಿಲ್ಲದ ಮೊದಲ ಬೇಸಿಗೆಯ ತಾರೀಕು.
ಕಾರಣದ ಜಾಗದಲ್ಲಿ ಒಂದು ಸಾಲು:
"ಈಗ ಗೊತ್ತಾಯಿತು. ಯಾರನ್ನೂ ಕೇಳಬೇಕಾಗಿಲ್ಲ."

ಬೆಳಗ್ಗೆ ರೊಯ್ದಾ ಪರದೆಗೆ ಬೆರಳಿಟ್ಟಳು:
ಒಂದು ಖಾಲಿ ಸಾಲು ತೆಗೆದರೆ ಒಂದೇ ಪುಟ ಆಗತ್ತಲ್ಲ?
ಆಗತ್ತೆ, ಅಂದೆ.
ತೆಗೆಯಲಿಲ್ಲ.
ಹೊಸದರಲ್ಲೇ ಅಚ್ಚು ಹಾಕಿದೆ, ಎರಡೆರಡು ಪುಟ,
ಅರವತ್ತೇಳು ಪ್ರತಿ.