ಕಾರಣ: ಇತರೆ

ಹೈಡ್ರೋಸ್ ಡ್ರಮ್ಮಿಗೆ ನೀರೆಂದರೆ ಆಗದು.
ಒಂದಿಷ್ಟು ಪಸೆ ತಾಕಿದರೆ ಸಾಕು, ಒಳಗೊಳಗೇ ಕಾದು
ಗಂಧಕದ ನಾತ ಬಿಟ್ಟು
ತನಗೆ ತಾನೇ ಕೊಳ್ಳಿಯಿಟ್ಟುಕೊಳ್ಳುತ್ತದೆ.
ಅದಕ್ಕೇ ಬೇರೆ ಕೋಣೆ, ಬೇರೆ ಬೀಗ,
ಗೋಡೆಗೆ ಈ ವರ್ಷ ಬಂದ ಬಿಳಿ ಡಬ್ಬಿ.
ಬೆಲ್ಲದಚ್ಚಿನಷ್ಟು ಗಾತ್ರ.
ನಿಮಿಷಕ್ಕೊಮ್ಮೆ ಹಸಿರು ಕಣ್ಣು ಮಿಟುಕಿಸಿ
ನನ್ನ ಫೋನಿಗೆ ಹೇಳುತ್ತದೆ:
ಶಾಖ ಇಪ್ಪತ್ತಾರು. ತೇವ ನಲವತ್ತೊಂದು.

ಇದಕ್ಕೆ ಮೊದಲು ನಾನು ಹಾಸನದ ಮಂಡಿ ಹಿಂದೆ
ಆಲೂಗಡ್ಡೆ ಕೋಲ್ಡ್ ಸ್ಟೋರೇಜಿನಲ್ಲಿದ್ದೆ, ಹನ್ನೊಂದು ವರ್ಷ.
ಮೂಟೆಯೊಳಗೆ ಕೈ ತೂರಿಸಿ
ಬಿತ್ತನೆ ಗಡ್ಡೆ ಬೆವರಿದೆಯೋ ಇಲ್ಲವೋ ಹೇಳುತ್ತಿದ್ದೆ.
ಕೂಡಿಟ್ಟದ್ದೆಲ್ಲ ಉಸಿರಾಡುತ್ತದೆ,
ಇಷ್ಟು ನನಗೆ ಗೊತ್ತು.
ಇಲ್ಲಿ ತೂರಿಸಿದರೆ ಕೈಯೇ ಹೋದೀತು;
ಡಬ್ಬಿಯನ್ನು ನಂಬಿದೆ.

ಮೂರನೇ ಪಾಳಿ. ಎರಡು ನಲವತ್ತು.
ತೇವ ನಲವತ್ತನಾಲ್ಕು, ನಲವತ್ತಾರು,
ಹತ್ತು ನಿಮಿಷ ಗುಡ್ಡ, ಆಮೇಲೆ ಇಳಿಜಾರು.
ಮರುದಿನವೂ ಅದೇ ಹೊತ್ತು, ಅದೇ ಗುಡ್ಡ.
ಚಾವಣಿ ನೋಡಿದೆ, ಸೋರಿಲ್ಲ.
ಆಚೆ ಗೋಡೆಯ ಪೈಪಿನ ಕೀಲು ಸವರಿದೆ, ಒಣಗಿತ್ತು.
ಮೆಕ್ಯಾನಿಕ್ ಇನಾಯತ್ ಬಂದು ಡಬ್ಬಿ ಬಿಚ್ಚಿ ಧೂಳು ಊದಿದ.
ಊದಿದ್ದಕ್ಕೇ ಅರವತ್ತಕ್ಕೆ ಏರಿತು. ನಕ್ಕ.
"ಬಾಯುಸಿರೂ ಗೊತ್ತಾಗ್ತದೆ ಕಣಣ್ಣ ಇದಕ್ಕೆ."

ಮೂರನೇ ರಾತ್ರಿ ಚಹಾ ಬಿಟ್ಟು ಬಾಗಿಲ ಸಂದಿಯಲ್ಲಿ ನಿಂತೆ.
ಒಡಿಶಾದ ಹುಡುಗಿ, ಸುಕಾಂತಿ, ವಾಷಿಂಗ್ ಸೆಕ್ಷನ್ನು.
ಪ್ಯಾಲೆಟ್ಟಿನ ತುದಿಗೆ ಕೂತು
ಫೋನಿಗೆ ತುಟಿ ತಾಗುವಷ್ಟು ಹತ್ತಿರ ಪಿಸುಗುಡುತ್ತಿದ್ದಳು.
ಇಡೀ ಮಿಲ್ಲಿನಲ್ಲಿ ಜಿಗ್ಗರಿನ ಸದ್ದು ಮುಟ್ಟದ್ದು
ಇದೊಂದೇ ಕೋಣೆ.
"ಅವನು ಸೂರತ್ ಮಿಲ್ಲು ಅಣ್ಣ. ಟೀ ಟೈಮು ಇಬ್ಬರಿಗೂ ಒಂದೇ."
ಮೊಣಕೈವರೆಗೆ ತೊಯ್ದ ತೋಳು.
ಪಕ್ಕದಲ್ಲಿ ಐವತ್ತು ಕಿಲೋದ ಹದಿನಾಲ್ಕು ಡ್ರಮ್ಮು.
ಆಗ ನನ್ನ ಎದೆ ಏರಿದ್ದನ್ನು ಅಳೆಯಲು
ಯಾವ ಡಬ್ಬಿಯೂ ಇರಲಿಲ್ಲ.

ಬೈದೆ. ಗಟ್ಟಿಯಾಗಿಯೇ ಬೈದೆ.
ಫೋನಿನೊಳಗಿನ ಗಂಡಸು ಸುಮ್ಮನಾದ.
ಅವಳು ಅರ್ಧಂಬರ್ಧ ಅರ್ಥವಾದ ಬೈಗುಳವನ್ನು
ತಲೆತಗ್ಗಿಸಿ ಪೂರ್ತಿ ಕೇಳಿಸಿಕೊಂಡು
ಬೀಗದ ಕೈಯನ್ನು ನನ್ನ ಅಂಗೈಗಿಟ್ಟಳು.
ಬೆಚ್ಚಗಿತ್ತು.
ನಾನು ಚಹಾಕ್ಕೆ ಹೋಗುವಾಗ ಮೊಳೆಗೆ ನೇತುಹಾಕಿ ಹೋಗುತ್ತಿದ್ದ ಕೈ ಅದು.

ಬೆಳಗ್ಗೆ ಫೋನು ಕೇಳಿತು: ಏರಿಕೆಗೆ ಕಾರಣ?
ಸೋರಿಕೆ. ತೆರೆದ ಬಾಗಿಲು. ಯಂತ್ರದೋಷ. ಇತರೆ.
ಬಾಗಿಲು ಎಂದರೆ ಬೀಗದ ಕೈ ಯಾರ ಹತ್ತಿರವಿತ್ತು ಅನ್ನುತ್ತಾರೆ.
ದೋಷ ಎಂದರೆ ಇನಾಯತ್ತಿನ ತಲೆಗೆ.
ಇತರೆ ಒತ್ತಿದೆ.
ವಿವರಕ್ಕೆ ಇಪ್ಪತ್ತು ಅಕ್ಷರದ ಜಾಗವಿತ್ತು,
ಖಾಲಿ ಬಿಟ್ಟೆ.

ಈಗ ಬೀಗದ ಕೈ ನನ್ನ ಉಡಿದಾರದಲ್ಲಿ.
ಗೆರೆ ನೆಟ್ಟಗಿದೆ: ನಲವತ್ತೊಂದು, ನಲವತ್ತೊಂದು.
ಮ್ಯಾನೇಜರು ಭೇಷ್ ಅಂದರು.

ಎರಡು ನಲವತ್ತಕ್ಕೆ ಚಹಾಕ್ಕೆ ಹೋಗುವಾಗ
ನನ್ನ ತಗಡಿನ ಆಫೀಸಿನ ಬಾಗಿಲು ತೆರೆದಿಡುತ್ತೇನೆ.
ಸದ್ದು ನುಗ್ಗುತ್ತದೆ, ಆದರೂ ಒಂದು ಕುರ್ಚಿಯಿದೆ.
ಬರುತ್ತಾಳೋ ಇಲ್ಲವೋ ತಿರುಗಿ ನೋಡಿಲ್ಲ.
ಒಮ್ಮೆ ಕುರ್ಚಿಯ ಕೈ ಒದ್ದೆಯಿತ್ತು.
ಅಲ್ಲಿ ಇನ್ನೂ ಡಬ್ಬಿ ಹಾಕಿಲ್ಲ.