ಹೊಳೆಯಾಚೆ ಹದಿನೇಳು ವ್ಯಾನು

ಸಮಿತಿಯವರು ಲಂಡನ್ನಿನಿಂದ ಬೆಳಗಿನ ರೈಲಿಗೆ ಬಂದರು.
ಗೋಡೆಗೆ ನಕ್ಷೆ ತೂಗುಹಾಕಿದರು.
ನಲವತ್ತಮೂರು ತೇಪೆಯ ಕೌದಿ,
ತೇಪೆಗೊಬ್ಬ ದೊರೆ, ತೇಪೆಗೊಂದು ಲಾಂಛನ.

ನಾನು ಗ್ವೆಂಡಾ ಹಾರ್ಡಿಸ್ಟಿ, ಕಂಟ್ರೋಲ್ ರೂಮಿನಲ್ಲಿ
ಹತ್ತೊಂಬತ್ತು ವರ್ಷ ಫೋನೆತ್ತಿದವಳು.
ಹೇಳಿ ಅಂದರು. ನೀರಿನ ಲೋಟ ಮುಂದೆ ಸರಿಸಿದರು.

ಆ ಶನಿವಾರ, ಏಳು ಗಂಟೆ ಎಂಟು ನಿಮಿಷ.
ಕ್ಷೌರದಂಗಡಿಯ ರೆಬ್ವಾರ್.
ಅರ್ಧ ಗಡ್ಡ ಹೆರೆಸಿಕೊಂಡ ಗಿರಾಕಿಯೂ ಅವನೂ ಒಳಗೆ,
ಹೊರಗೆ ಇಟ್ಟಿಗೆ.
"ಎಷ್ಟು ಜನ ಇದ್ದಾರೆ?" ಅಂದೆ. ಅದು ಫಾರ್ಮಿನ ಮೂರನೇ ಪ್ರಶ್ನೆ.
"ಎಣಿಸಬೇಕಾದರೆ ಶಟರ್ ಎತ್ತಬೇಕಮ್ಮಾ" ಅಂದ.

ನಮ್ಮಲ್ಲಿ ಅವತ್ತು ಮೂವತ್ತೊಂದು ಮಂದಿ,
ಗುರಾಣಿ ಹಿಡಿಯಲು ಕಲಿತವರು ಹನ್ನೊಂದು.
ಹೊಳೆಯಾಚೆ, ಸೂಪರ್ ಮಾರ್ಕೆಟ್ಟಿನ ಬಯಲಲ್ಲಿ
ಪಕ್ಕದ ಪಡೆಯ ಹದಿನೇಳು ವ್ಯಾನು, ಎಂಜಿನ್ ಆರಿಸದೆ.
ಅವರಿಗೂ ಹೊಗೆ ಕಾಣುತ್ತಿತ್ತು.
ಹೊಗೆಗೆ ಜಿಲ್ಲೆ ಗೊತ್ತಿಲ್ಲ,
ವ್ಯಾನಿಗೆ ಗೊತ್ತು.
ಸಹಿ ಬೇಕು. ಸಹಿಯವರು ಮಗಳ ಮದುವೆಯಲ್ಲಿ.
ಅವರ ಕೆಳಗಿನವರು ಕೇಳಿದರು:
ಡೀಸೆಲ್ಲು ಯಾರ ಲೆಕ್ಕಕ್ಕೆ?

ಐವತ್ತೆರಡು ನಿಮಿಷ.
ರೆಬ್ವಾರ್ ನಾಲ್ಕು ಸಲ ಕರೆದ.
ನಾಲ್ಕನೆಯದರಲ್ಲಿ ಮಾತಿಲ್ಲ, ಕೆಮ್ಮು,
ಅದರ ಹಿಂದೆ ಯಾರೂ ಆರಿಸದೆ ಬಿಟ್ಟ
ಕೂದಲು ಕತ್ತರಿಸುವ ಮಷಿನ್ನಿನ ಗುಂಯ್.

ಇಬ್ಬರೂ ಬದುಕಿದರು.
ವರದಿಯಲ್ಲಿ ಅದು ಎರಡು ಪದ: ಪ್ರಾಣಹಾನಿ ಇಲ್ಲ.

ಊರು ಕೊಳ್ಳೆ ಹೋದಮೇಲೆ ಕೋಟೆ ಬಾಗಿಲು ಹಾಕುವುದು
ಎಲ್ಲ ಕಡೆಯೂ ಇದ್ದದ್ದೇ.
ಇವರು ಬಾಗಿಲ ಅಳತೆ ತಗೊಳ್ಳಲು ಬಂದಿದ್ದಾರೆ.
ಒಂದೇ ರಾಷ್ಟ್ರ, ಒಂದೇ ಪಡೆ, ಒಂದೇ ಸಹಿ,
ಒಪ್ಪಿಗೆಯಾ? ಚೌಕದಲ್ಲಿ ಗುರುತು ಹಾಕಿ.

ಹಾಕುತ್ತಿದ್ದೆ. ಆದರೆ ಟ್ರೆಲೋರ್ ನೆನಪಾದ,
ಮೊಣಕಾಲು ನೋವಿನ ನಮ್ಮ ಬೀಟ್ ಪೇದೆ.
ಅವತ್ತು ಬೀದಿಯ ತುದಿಯಲ್ಲಿ ಗುರಾಣಿ ಕೆಳಗಿಟ್ಟು
ಮುಖಕ್ಕೆ ಬಟ್ಟೆ ಸುತ್ತಿದವನೊಬ್ಬನನ್ನು
ಮನೆಯವರಷ್ಟೇ ಕರೆಯುವ ಹೆಸರಲ್ಲಿ ಕರೆದ.
"ಅಜ್ಜಿ ಇನ್ನೂ ಮಲಗಿಲ್ಲ ಕಣೋ" ಅಂದ.
ಹುಡುಗ ಇಟ್ಟಿಗೆಯನ್ನು ನೋಡಿದ,
ಯಾರೋ ಹಿಡ್ಕೋ ಅಂತ ಕೊಟ್ಟುಹೋದದ್ದೇನೋ ಎಂಬಂತೆ.
ಉಳಿದವರು ಎಸೆಯುತ್ತಲೇ ಇದ್ದರು, ಅದೂ ನಿಜ.
ಟ್ರೆಲೋರನ ಹುಬ್ಬಿಗೆ ಆರು ಹೊಲಿಗೆ.

ಹದಿನೇಳು ವ್ಯಾನೂ ಬೇಕಿತ್ತು ಸ್ವಾಮಿ,
ಎಂಟನೇ ನಿಮಿಷಕ್ಕೆ.
ಆ ಹೆಸರು ಬಲ್ಲವನೂ ಬೇಕಿತ್ತು.
ನಿಮ್ಮ ನಕ್ಷೆಯಲ್ಲಿ ಅವನನ್ನು ಎಲ್ಲಿ ಕೂರಿಸುತ್ತೀರಿ?

ಕಾರ್ಯದರ್ಶಿ ಬರೆದುಕೊಂಡಳು, ಆಮೇಲೆ ಹೊಡೆದುಹಾಕಿದಳು.
ಬೇರೆ ಏನಾದರೂ?

ಇದೆ. ಮಂಗಳವಾರ ಆ ಗಿರಾಕಿ ಮತ್ತೆ ಬಂದನಂತೆ,
ಕಿಟಕಿಗೆ ಹಲಗೆ ಹೊಡೆದ ಅಂಗಡಿಗೆ,
ಉಳಿದರ್ಧ ಗಡ್ಡಕ್ಕೆ.
ಅದನ್ನು ಯಾವ ಶೀರ್ಷಿಕೆಯ ಕೆಳಗೆ ಹಾಕಲಿ ಅಂತ
ಅವಳು ಕೇಳಿದಳು.